ದಿಂಬಕ್ಕನ ಮೇಲೊಂದು ದೂರು

ಬೆಳಗಿನ ಐದೂಮುಕ್ಕಾಲು. ಒಂಬತ್ತನೇ ಮಹಡಿಯ ಕೋಣೆಯೊಂದರಲ್ಲಿ ನೀಲಿ ಸಮವಸ್ತ್ರದ ಹೆಂಗಸೊಬ್ಬರು ಅತಿಥಿಯ ಮಂಚದ ಮೇಲೆ ಅಂಗಾತ ಮಲಗಿದ್ದಾರೆ. ಚಪ್ಪಲಿ ಬಾಗಿಲ ಬಳಿ ಬಿಟ್ಟಿದೆ. ಮೈಕೆಳಗೆ ಹಳೆಯ ದುಪ್ಪಟಿಯೊಂದನ್ನು ಹಾಸಿಕೊಂಡಿದ್ದಾರೆ. ಗಾಜಿನಾಚೆ ಸಮುದ್ರ ಬೂದುಬಣ್ಣ ಬಿಟ್ಟು ಬೆಳ್ಳಗಾಗುತ್ತಿದೆ, ಅವರಿಗೆ ಅತ್ತ ಗಮನವಿಲ್ಲ. ಕೆಲಸದ ಹೊತ್ತಿನಲ್ಲಿ ಇದೆಂಥ ಆರಾಮ ಎಂದು ನಾನು ಬಾಗಿಲಲ್ಲೇ ಹುಬ್ಬೇರಿಸಿದ್ದು ಕಂಡಿರಬೇಕು, ಮಲಗಿದಲ್ಲಿಂದಲೇ ಹೇಳುತ್ತಾರೆ: “ಒಂದ್ನಿಮಿಷ ಇರಿ ಮೇಡಂ, ನೋಡ್ತಾ ಇದೀನಿ.”

ಏನು ನೋಡುತ್ತಿದ್ದರು ಎಂಬುದೇ ಈ ಬರಹ.

ಎರಡು ದಿನದ ಸಭೆಗೆಂದು ಈ ಊರಿಗೆ ಬಂದ ನಾನು ಉಳಿದುಕೊಂಡಿರುವುದು ಪಕ್ಕದ ಕೋಣೆಯಲ್ಲಿ. ಕಡಲಿಗೆ ಮುಖ ಮಾಡಿ ನಿಂತ ಹೊಸ ಬಗೆಯ ದೊಡ್ಡ ಹೋಟೆಲು ಇದು. ಪರದೆ ತಾನೇ ಸರಿಯುತ್ತದೆ, ದೀಪ ತಾನೇ ಹತ್ತುತ್ತದೆ. ತಾನೇ ಆಗದಿರುವುದೆಲ್ಲ ದಿಂಬಕ್ಕನ ಪಾಲು. ದಿಂಬಕ್ಕ ಎನ್ನುವುದು ಜೊತೆಯವರು ಇಟ್ಟ ಹೆಸರು. ಇಪ್ಪತ್ತೆರಡು ವರ್ಷದಿಂದ ಇಲ್ಲಿ ಕೋಣೆ ಸಿದ್ಧಮಾಡುವ ಕೆಲಸ ಮಾಡುತ್ತಿರುವ ಅವರು ಅದೇ ಹೆಸರಿಗೆ ಓಗೊಡುತ್ತಾರೆ.

ದಿನಕ್ಕೆ ಹದಿನಾಲ್ಕು ಕೋಣೆ. ಒಂದೊಂದಕ್ಕೆ ನಾಲ್ಕರಂತೆ ಐವತ್ತಾರು ದಿಂಬು. ಎಂಬತ್ತನಾಲ್ಕು ಟವೆಲು. ಹದಿನಾಲ್ಕು ಬಚ್ಚಲು. ನೆಲದಿಂದ ಸೂರಿನವರೆಗಿನ ಹದಿನಾಲ್ಕು ಗಾಜು, ಅದರ ಮೇಲೆ ಪ್ರತಿ ಬೆಳಿಗ್ಗೆ ಕಡಲ ಗಾಳಿ ತಂದು ಮೆತ್ತಿದ ಉಪ್ಪು. ಒಣಬಟ್ಟೆ ಮೊದಲು ಹಾಕಿದರೆ ಉಪ್ಪು ಗಾಜನ್ನು ಗೀರುತ್ತದೆ, ಹಾಗಾಗಿ ಮೊದಲು ಬರೀ ನೀರು. “ಕಡಲು ನೋಡಕ್ಕೆ ಅಂತ ಇಷ್ಟು ದೂರ ಬರ್ತಾರೆ. ಆ ಕಡಲೇ ಬಂದು ಗಾಜಿಗೆ ಅಡ್ಡ ಕೂತಿರತ್ತೆ,” ಎಂದು ನಗುತ್ತಾರೆ.

ಕೆಲಸಕ್ಕೆ ಸೇರಿದಾಗ ಮಗಳಿಗೆ ಎಂಟು ತಿಂಗಳು. ಗಂಡ ಲಿಫ್ಟ್ ರಿಪೇರಿಯವರು, ಯಾವ ಕಟ್ಟಡದಿಂದ ಯಾವಾಗ ಕರೆ ಬರುತ್ತದೋ ಹೇಳುವಂತಿಲ್ಲ. ಬೆಳಗಿನ ಜಾವ ನಾಲ್ಕೂವರೆಗೆ ಹೋಟೆಲಿನ ವ್ಯಾನು ಬೀದಿಯ ತುದಿಗೆ ಬಂದು ನಿಂತರೆ, ಮಗು ಅತ್ತೆಯ ಮಡಿಲಿಗೆ. ಆ ಮಗು ಈಗ ನರ್ಸಾಗಿದೆ. “ಹೆತ್ತಿದ್ದು ನಾನು, ಬೆಳೆಸಿದ್ದು ಅತ್ತೆ. ಅದನ್ನ ಯಾರ ಮುಂದೆ ಬೇಕಾದ್ರೂ ಹೇಳ್ತೀನಿ,” ಎನ್ನುವಾಗ ಅವರ ದನಿ ತುಸು ಇಳಿಯುತ್ತದೆ.

ಮೊದಲ ವರ್ಷ ಕೆಲಸ ಕಲಿಸಿದ ಹಿರಿಯಾಕೆಯೊಬ್ಬರು ಒಂದು ಮಾತು ಹೇಳಿದ್ದರಂತೆ: ಕೋಣೆಯನ್ನು ನಾವು ನಿಂತು ನೋಡುತ್ತೇವೆ, ಬಂದವರು ಮಲಗಿ ನೋಡುತ್ತಾರೆ. ಆದರೆ ಹಾಸಿಗೆಯ ಮೇಲೆ ಮಲಗುವುದಿರಲಿ, ಕೂರುವುದಕ್ಕೂ ಆಗ ಇಲ್ಲಿ ಅಪ್ಪಣೆಯಿರಲಿಲ್ಲ. ಅದಕ್ಕೇ ಇವರು ಉಪಾಯ ಮಾಡಿಕೊಂಡರು. ಕೋಣೆ ಮುಗಿದ ಮೇಲೆ ಮಂಚದ ಪಕ್ಕ ಮಂಡಿಯೂರಿ, ಕೆನ್ನೆಯನ್ನು ದಿಂಬಿಗೆ ತಾಗಿಯೂ ತಾಗದ ಹಾಗೆ ಹಿಡಿದು ಸುತ್ತ ನೋಡುವುದು. ಮೇಜಿನ ಕೆಳಗಂಚಿನ ಧೂಳು, ಕುರ್ಚಿಯ ಕಾಲಿಗೆ ಸುತ್ತಿಕೊಂಡ ಕೂದಲು, ಎಲ್ಲ ಅಲ್ಲಿಂದ ಕಾಣುತ್ತದೆ. ಹೆಸರು ಬಂದದ್ದೂ ಹಾಗೆ, ಮಂಡಿನೋವು ಬಂದದ್ದೂ ಹಾಗೆ. ಸಂಜೆ ಮನೆಯ ಮೆಟ್ಟಿಲು ಹತ್ತುವಾಗ ಗೋಡೆ ಹಿಡಿದುಕೊಳ್ಳದೆ ಆಗುತ್ತಿರಲಿಲ್ಲ.

ಅದರ ಫಲವೂ ಸಿಕ್ಕಿತ್ತು. ಸಿಬ್ಬಂದಿ ಕೊಠಡಿಯಲ್ಲಿ ದಪ್ಪನೆಯ ದೂರು ಪುಸ್ತಕವೊಂದಿದೆ. ಒಬ್ಬೊಬ್ಬರಿಗೆ ಒಂದೊಂದು ಪುಟ. ದಿಂಬಕ್ಕನ ಪುಟ ಖಾಲಿಯಿತ್ತು. ಹೊಸದಾಗಿ ಸೇರಿದವರಿಗೆಲ್ಲ ಆ ಖಾಲಿ ಪುಟ ತೋರಿಸುವುದು ಇಲ್ಲಿನ ಪದ್ಧತಿಯೇ ಆಗಿಹೋಗಿತ್ತು. ಬೇರೆ ಒಡವೆ ಇಲ್ಲದ ಹೆಂಗಸಿಗೆ ಅದೇ ಒಡವೆ ಎಂದು ಮೇಲ್ವಿಚಾರಕಿ ತಮಾಷೆ ಮಾಡುತ್ತಿದ್ದರು. ತಮಾಷೆಯಾದರೂ ನಿಜ.

ಇಪ್ಪತ್ತು ವರ್ಷ ದುಡಿದವರಿಗೆ ಈ ಹೋಟೆಲು ಒಂದು ದಿನದ ವಾಸ್ತವ್ಯ ಕೊಡುತ್ತದೆ, ಅತಿಥಿಯ ಹಾಗೆಯೇ, ಜೊತೆಗೊಬ್ಬರನ್ನು ಕರೆದುಕೊಂಡು. ಇವರು ಒಂದು ವರ್ಷ ಅದನ್ನು ಮುಂದೂಡಿದರು. ತಾವು ಬಳಸಿದ ಬಚ್ಚಲನ್ನು ಜೊತೆಯವಳೊಬ್ಬಳು ತೊಳೆಯಬೇಕಲ್ಲ ಎಂಬ ಸಂಕೋಚ. ಕೊನೆಗೆ ಪಟ್ಟು ಹಿಡಿದದ್ದು ಎಪ್ಪತ್ತಾರರ ಅತ್ತೆ. ಸೊಸೆ ಇಷ್ಟು ವರ್ಷ ಎಲ್ಲಿಗೆ ಹೋಗಿ ಬರುತ್ತಾಳೆಂದು ಕಣ್ಣಾರೆ ನೋಡಬೇಕಂತೆ. ಗಂಡ, ಅಮ್ಮನನ್ನೇ ಕರೆದುಕೊಂಡು ಹೋಗು, ನಾನು ಲಿಫ್ಟು ನೋಡಿ ನೋಡಿ ಸಾಕಾಗಿದ್ದೇನೆ ಎಂದುಬಿಟ್ಟರು.

ಹೀಗೆ ಕಳೆದ ವರ್ಷ ಒಂದು ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಮುಂಬಾಗಿಲಿಂದ ಒಳಗೆ ಬಂದರು. ಸೊಸೆ ಆ ಬಾಗಿಲಲ್ಲಿ ಕಾಲಿಟ್ಟದ್ದು ಅದೇ ಮೊದಲು. ಅತ್ತೆ ಸಂಜೆಯವರೆಗೂ ಗಾಜಿನ ಮುಂದಿನ ಕುರ್ಚಿ ಬಿಟ್ಟು ಏಳಲಿಲ್ಲ. ಹಾಸಿಗೆ ಮಾತ್ರ ಅವರಿಗೆ ಹಿಡಿಸಲಿಲ್ಲ. ಇಷ್ಟು ಮೆತ್ತಗಿದ್ದರೆ ಬೆಳಿಗ್ಗೆ ಸೊಂಟ ಎಲ್ಲಿದೆಯೆಂದು ಹುಡುಕಬೇಕಾಗುತ್ತದೆ ಎಂದು ಗೊಣಗಿಕೊಂಡೇ ಸೊಗಸಾಗಿ ನಿದ್ದೆ ಮಾಡಿದರಂತೆ.

ಬೆಳಕು ಹರಿಯುವಾಗ ದಿಂಬಕ್ಕನಿಗೆ ಎಚ್ಚರವಾಯಿತು. ಇಷ್ಟು ವರ್ಷ ಸಾವಿರಾರು ಸಲ ಹಾಸಿದ ಹಾಸಿಗೆಯ ಮೇಲೆ ಮೊದಲ ಬಾರಿಗೆ ಅಂಗಾತ ಮಲಗಿದ್ದರು. ಕೈ ಚಾಚಿ ತಲೆಯ ಮೇಲಿನ ದೀಪ ಹಾಕಿದರು. ಮೇಲೆ ನೋಡಿದವರು ಥಟ್ಟನೆ ಎದ್ದು ಕೂತರು.

ತಲೆದೆಸೆಯ ಗೋಡೆಯಿಂದ ಮುಂದಕ್ಕೆ ಚಾಚಿ ಕೆಳಕ್ಕೆ ಬಾಗಿದ ಮರದ ಹಲಗೆಯೊಂದಿದೆ, ಅದರ ಮರೆಯಲ್ಲಿ ದೀಪ. ಅದಕ್ಕೂ ಐದು ವರ್ಷ ಹಿಂದೆ ಕೋಣೆಗಳನ್ನು ಹೊಸದು ಮಾಡಿದಾಗ ಕೂರಿಸಿದ್ದು. ಆ ಹಲಗೆಯ ಒಳಮೈ ನಿಂತವರಿಗೆ ಕಾಣುವುದಿಲ್ಲ, ಮಂಡಿಯೂರಿ ಓರೆಯಾದವರಿಗೂ ಕಾಣುವುದಿಲ್ಲ. ಅಂಗಾತ ಮಲಗಿದವರಿಗೆ ಮಾತ್ರ ಕಾಣುತ್ತದೆ. ಅಲ್ಲಿ ಐದು ವರ್ಷದ ಧೂಳು, ಉಪ್ಪು, ಒಂದು ಜೇಡರ ಬಲೆ. ಬಂದವರೂ ಅಂಗಾತ ಮಲಗುತ್ತಾರೆ ನಿಜ, ಆದರೆ ಅವರ ಕಣ್ಣು ಮೊಬೈಲಿನಲ್ಲಿ.

ಅತ್ತೆ ಎದ್ದು ಕನ್ನಡಕ ಹಾಕಿಕೊಂಡು ನೋಡಿ, ಟವೆಲು ಒದ್ದೆ ಮಾಡಿ ತಂದರು. “ಯಾರಿಗೂ ಕಂಡಿಲ್ವಲ್ಲ. ಒರೆಸ್ಬಿಟ್ಟು ಸುಮ್ನಿರು. ನಿನ್ ಹೆಸರು ಯಾಕೆ ಹಾಳ್ ಮಾಡ್ಕೋತೀಯ?”

ಅದೇನು ಕಷ್ಟದ ಕೆಲಸವಲ್ಲ. ಮರುದಿನದಿಂದ ತಮ್ಮ ಹದಿನಾಲ್ಕು ಕೋಣೆಗಳಲ್ಲೂ ಸದ್ದಿಲ್ಲದೆ ಒರೆಸಿಬಿಡಬಹುದಿತ್ತು. ಪುಟ ಖಾಲಿಯಾಗಿಯೇ ಉಳಿಯುತ್ತಿತ್ತು. “ನನ್ ಕೋಣೆ ಸರಿ ಹೋಗತ್ತೆ. ಮಿಕ್ಕ ಮಹಡಿಯವರಿಗೆ ಹೇಳೋರ್ ಯಾರು? ಅವರ್ಯಾರೂ ಇಲ್ಲಿ ಮಲಗಿಲ್ವಲ್ಲ,” ಎಂದು ಅವರು ಅಂದುಕೊಂಡರು. ಒರೆಸಿದರು, ಆಮೇಲೆ ಮೇಜಿನ ಮೇಲಿದ್ದ ಅತಿಥಿಗಳ ಅಭಿಪ್ರಾಯದ ಚೀಟಿ ತೆಗೆದುಕೊಂಡರು. ಅದರಲ್ಲಿ ಕೋಣೆಯ ಸಂಖ್ಯೆ, ಕಂಡದ್ದೇನು, ಅದನ್ನು ದಿನವೂ ಸಿದ್ಧಮಾಡುವವರು ಎಂದು ತಮ್ಮದೇ ಹೆಸರು, ಎಲ್ಲವನ್ನೂ ದುಂಡಗೆ ಬರೆದರು. ಬರೆಯುವಾಗ ಅಳು ಬಂತು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ.

ಮೇಲ್ವಿಚಾರಕಿ ಚೀಟಿ ಓದಿ ಹರಿಯಲು ಹೊರಟರಂತೆ. ಅತಿಥಿಯೂ ನೀವೇ, ಕೆಲಸದವರೂ ನೀವೇ, ಇದನ್ನು ದೂರು ಅನ್ನುವುದಕ್ಕಾಗುತ್ತದೆಯೇ ಎಂಬ ವಾದ ಅವರದು. ದಿಂಬಕ್ಕ ಕೈ ಹಿಡಿದು ತಡೆದರು. ನಿನ್ನೆ ನಾನು ಅತಿಥಿ, ಅತಿಥಿ ಬರೆದದ್ದನ್ನು ಹರಿಯುವಂತಿಲ್ಲ ಎಂದರು. ವಾರದೊಳಗೆ ಉಳಿದ ಮಹಡಿಗಳ ಹಲಗೆಗಳನ್ನೂ ನೋಡಿದರು. ಎಲ್ಲೆಡೆಯೂ ಅದೇ ಧೂಳು. ಈಗ ಪ್ರತಿಯೊಬ್ಬರ ತಳ್ಳುಗಾಡಿಯಲ್ಲೂ ಒಂದು ಹಳೆಯ ದುಪ್ಪಟಿ ಇರುತ್ತದೆ. ಕೋಣೆ ಮುಗಿದ ಮೇಲೆ ಅದನ್ನು ಹಾಸಿಕೊಂಡು ಒಂದು ನಿಮಿಷ ಅಂಗಾತ ಮಲಗಿ ನೋಡಬೇಕೆಂದು ಕೆಲಸದ ಪಟ್ಟಿಯಲ್ಲೇ ಬರೆದಿದೆ. ಮಂಡಿಯೂರುವುದು ತಪ್ಪಿ ದಿಂಬಕ್ಕ ಮೆಟ್ಟಿಲನ್ನು ಗೋಡೆ ಹಿಡಿಯದೆ ಹತ್ತುತ್ತಿದ್ದಾರೆ. ಅತ್ತೆ ಮಾತ್ರ ಇದೆಲ್ಲ ತಾವು ಪಟ್ಟು ಹಿಡಿದಿದ್ದರಿಂದ ಆಯಿತೆಂದು ಬೀದಿಗೆಲ್ಲ ಸಾರಿದ್ದಾರೆ.

ಕೆಲಸ ಮುಗಿಸಿ ಸಿಬ್ಬಂದಿ ಕೊಠಡಿಗೆ ಕರೆದೊಯ್ದು, ದೂರು ಪುಸ್ತಕ ತೆರೆದು ತೋರಿಸುತ್ತಾರೆ. ಖಾಲಿ ಇದ್ದ ಪುಟದ ಮೇಲ್ತುದಿಯಲ್ಲಿ ಈಗ ಒಂದು ಸಾಲಿದೆ. ಬೇಜಾರಾಗುವುದಿಲ್ಲವೇ ಎಂದು ಕೇಳುತ್ತೇನೆ. ಅವರು ಸೆರಗಿನಂಚಿನಿಂದ ಪುಟದ ಮೇಲಿನ ಧೂಳು ಒರೆಸುತ್ತಾರೆ. ಸಮವಸ್ತ್ರ ಬದಲಿಸಿ ಸೀರೆ ಉಟ್ಟಾಗಿದೆ, ಆದರೂ ಕೈ ಸುಮ್ಮನಿರದು.

“ಇಪ್ಪತ್ತೆರಡು ವರ್ಷಕ್ಕೆ ಒಂದೇ ದೂರು ಮೇಡಂ,” ಎನ್ನುತ್ತಾರೆ. “ಅದನ್ನೂ ಬೇರೆಯವರ ಬಾಯಲ್ಲಿ ಹೇಳಿಸ್ಕೊಂಡಿಲ್ಲ.”