ದೋಣಿಗೆ ಸುತ್ತಿಕೊಂಡ ದೊಡ್ಡಮ್ಮನ ಸೀರೆ

ಅಲೆಪ್ಪಿಯಲ್ಲಿ ನಾವು ಹದಿಮೂರು ಜನ ದೋಣಿ ಹತ್ತುವಾಗ ನಮ್ಮ ಸಾಮಾನಿನ ಜೊತೆ ಎಂಟು ಕ್ಯಾನ್ ನೀರಿತ್ತು. ಗೌರಿಬಿದನೂರಿನ ಭಾವ ತಮ್ಮ ಬೀದಿಯ ಫಿಲ್ಟರ್ ನೀರು ತುಂಬಿಸಿ, ಟೆಂಪೋದಲ್ಲಿ ಬೆಂಗಳೂರಿಗೆ, ಅಲ್ಲಿಂದ ರೈಲಿನಲ್ಲಿ ಕೇರಳಕ್ಕೆ ಹೊತ್ತು ತಂದಿದ್ದರು. ದೋಣಿಯವರು ಒಂದೊಂದೇ ಕ್ಯಾನ್ ಒಳಗಿಳಿಸಿಕೊಳ್ಳುತ್ತ ನಮ್ಮ ಮುಖ ನೋಡಿದರು. ಆಮೇಲೆ ಕಣ್ಣು ಹೋಗುವಷ್ಟು ದೂರ ಹರಡಿಕೊಂಡಿದ್ದ ನೀರು ನೋಡಿದರು. ಮತ್ತೆ ನಮ್ಮ ಮುಖ ನೋಡಿದರು. ಏನೂ ಕೇಳಲಿಲ್ಲ. ಮರ್ಯಾದಸ್ಥರು.

"ಯಾಕೆ ಭಾವ ಇಷ್ಟೊಂದು?" ಅಂದೆ.

"ಹೋದ ಕಡೆ ನೀರು ಸಿಗತ್ತೋ ಇಲ್ವೋ ಕಣಪ್ಪ," ಅಂದರು ಭಾವ, ನೀರಿನ ಮೇಲೆ ನಿಂತುಕೊಂಡು.

ಈ ಮಾತನ್ನು ನಾನು ಅವರ ಹಾಗೇ ಹೊಟ್ಟೆ ಮುಂದೆ ಮಾಡಿ, ಪ್ಯಾಂಟು ಮೇಲಕ್ಕೆಳೆದು, ಅರ್ಧ ಗಂಟೆಯಲ್ಲಿ ಐದು ಸಲ ಆಡಿ ತೋರಿಸಿದೆ. ನನ್ನ ಕಸುಬೇ ಅದು. ಚಿಕ್ಕಬಳ್ಳಾಪುರದಲ್ಲಿ ನಂದೊಂದು ಮೊಬೈಲ್ ರಿಪೇರಿ ಅಂಗಡಿ ಇದೆ ಅಂತ ಬೋರ್ಡು ಹೇಳುತ್ತದೆ. ಫೋನು ರಿಪೇರಿ ಆಗದಿದ್ದರೂ ಗಿರಾಕಿ ನಗುತ್ತ ವಾಪಸ್ ಹೋಗುತ್ತಾನೆ, ಯಾಕೆಂದರೆ ಅವನಿಗಿಂತ ಮುಂಚೆ ಬಂದ ಗಿರಾಕಿಯನ್ನು ಅವನ ಮುಂದೆ ನಾನು ಆಡಿ ತೋರಿಸಿರುತ್ತೇನೆ. ಅವನು ಹೋದ ಮೇಲೆ ಅವನ ಸರದಿ. ಇದು ಎಲ್ಲರಿಗೂ ಗೊತ್ತು, ಆದರೂ ಬರುತ್ತಾರೆ. ಬಸ್ಸಿನ ಹಾರನ್ನು, ಮಿಕ್ಸಿ, ಇಂಟರ್ವ್ಯೂಗೆ ಹೋದಾಗ ನಾನೇ ತೊದಲಿದ್ದು, ಎಲ್ಲ ಬಾಯಲ್ಲೇ ಬರುತ್ತದೆ. ಬೇರೆ ಏನೂ ಬರುವುದಿಲ್ಲ.

ಈ ಪ್ರಯಾಣಕ್ಕೆ ಕಾರಣವೂ ನನ್ನ ಬಾಯಿಯೇ. ಮೇಲೂರಿನಲ್ಲಿ ನಮ್ಮ ದೊಡ್ಡಮ್ಮ ರೇಷ್ಮೆ ನೂಲು ಬಿಚ್ಚುತ್ತಾರೆ. ಶಿಡ್ಲಘಟ್ಟದ ಮಾರುಕಟ್ಟೆಯಿಂದ ಗೂಡು ತರುವುದು, ಬಿಸಿ ನೀರಿನ ಬೇಸಿನ್ನಿಗೆ ಹಾಕುವುದು, ಒಂದೊಂದು ಗೂಡಿನ ಎಳೆಯ ತುದಿ ಬೆರಳಿನಲ್ಲಿ ಹುಡುಕಿ ತಿರುಗುವ ರಾಟೆಗೆ ಕೊಡುವುದು. ಮೂವತ್ತೈದು ವರ್ಷದಿಂದ ಇದೇ. ಗೂಡು ತಂದ ಮೇಲೆ ಕೂತಿರುವ ಹಾಗಿಲ್ಲ. ಒಳಗಿನ ಹುಳ ಚಿಟ್ಟೆಯಾಗಿ ತೂತು ಮಾಡಿಕೊಂಡು ಹೊರಟರೆ ಎಳೆಯೆಲ್ಲ ತುಂಡು. ಹಾಗಾಗಿ ದೊಡ್ಡಮ್ಮ ಮದುವೆಗೆ ಹೋದರೂ ಮುಹೂರ್ತ ಮುಗಿಸಿ ಓಡುವವರು. ಅವರು ಸಮುದ್ರ ನೋಡಿರಲಿಲ್ಲ. ನಾನೂ ನೋಡಿರಲಿಲ್ಲ, ಆದರೆ ಫೋನಿನಲ್ಲಿ ಕೇಳಿ ಕಲಿತು ಅವರ ಶೆಡ್ಡಿನಲ್ಲಿ ಕೂತು ಸಮುದ್ರದ ಮಿಮಿಕ್ರಿ ಮಾಡುತ್ತಿದ್ದೆ.

"ಹಿಂಗಾ ಇರತ್ತೆ?" ಅಂತ ದೊಡ್ಡಮ್ಮ ಅನುಮಾನದಲ್ಲಿ ಕೇಳೋರು. "ಕುಕ್ಕರ್ ಕೂಗ್ದಂಗೆ ಐತಲ್ಲೋ."

"ಇದೇ ದೊಡ್ಡಮ್ಮ, ಗ್ಯಾರಂಟಿ."

"ಸುಳ್ಳ. ಒಂದ್ಸಲ ಬೆಳಕಿರುವಾಗ ನೋಡ್ಬೇಕು ಕಣೋ. ಕಣ್ಣಿಗೆ ಪೂರ್ತಿ ಕಾಣಂಗೆ."

ಅವರು ಏನನ್ನೂ ಕೇಳುವವರಲ್ಲ. ಅದಕ್ಕೇ ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಒಂದು ಸಲದ ಗೂಡು ಮುಗಿದು ಇನ್ನೊಂದು ಸಲದ್ದು ತರುವ ಮುಂಚೆ ಮೂರೇ ದಿನ ಸಿಗುವುದು. ಬೆಳಿಗ್ಗೆ ಅಲೆಪ್ಪಿಯಲ್ಲಿ ದೋಣಿ ಹತ್ತಿ ಹಿನ್ನೀರಿನಲ್ಲಿ ದಕ್ಷಿಣಕ್ಕೆ ಹೋದರೆ ಸಂಜೆ ಹೊತ್ತು ಮುಳುಗುವ ಮುಂಚೆ ಕೊಲ್ಲಂ. ಅಲ್ಲಿ ಸಮುದ್ರ. ರಾತ್ರಿ ರೈಲು. ಊರಿಗೆ ಹೋದರೆ ಗೂಡು. ನನ್ನ ಪ್ಲಾನಿನಲ್ಲಿ ಒಂದು ಗಂಟೆಯಷ್ಟು ಸಡಿಲ ಇತ್ತು. ಅದನ್ನು ನಾನೇ ತಿಂದೆ, ಹೇಳುತ್ತೇನೆ.

ದೋಣಿಯಲ್ಲಿ ಎಲ್ಲರೂ ಒಂದು ಗಂಟೆಯೊಳಗೆ ತಮ್ಮ ತಮ್ಮ ಬುದ್ಧಿ ತೋರಿಸಿಕೊಂಡರು. ಶಿಡ್ಲಘಟ್ಟದ ಚಾಚಾ ದೊಡ್ಡಮ್ಮನಿಗೆ ಮಾರುಕಟ್ಟೆಯ ಗೆಳೆಯರು. ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳ ಚೆನ್ನಾಗಿದೆಯೋ ಇಲ್ಲವೋ ಹೇಳಬಲ್ಲವರು. ಆ ಅಭ್ಯಾಸದಲ್ಲಿ ಎಳನೀರನ್ನೂ ಅಲ್ಲಾಡಿಸಿದರು, ತಿಂಡಿಗೆ ಕೊಟ್ಟ ಬೇಯಿಸಿದ ಮೊಟ್ಟೆಯನ್ನೂ ಅಲ್ಲಾಡಿಸಿದರು. ಅಡುಗೆಯವರು ಹೆದರಿ ಇನ್ನೊಂದು ಮೊಟ್ಟೆ ತಂದುಕೊಟ್ಟರು.

ನನಗೆ ಮಾತ್ರ ಮೇಲೆ ಚುಕ್ಕಾಣಿ ಹಿಡಿದಿದ್ದವರ ಮೇಲೆ ಕಣ್ಣು. ನರೆತ ಮೀಸೆ, ಹೆಗಲ ಮೇಲೆ ತೋರ್ತು ಅನ್ನುವ ತೆಳು ಟವಲ್ಲು. ಇಂಜಿನ್ನು ಅವರ ಕೈಯಲ್ಲಿಲ್ಲ. ಅದು ಹಿಂದೆ ಕೆಳಗಿನ ಗುಂಡಿಯಲ್ಲಿ, ಬೇರೊಬ್ಬರ ಹತ್ತಿರ. ಆ ಇಂಜಿನ್ನಿನವರಿಗೆ ಹೊರಗೆ ಏನೂ ಕಾಣುವುದಿಲ್ಲ. ಮೇಲಿನವರು ಹಗ್ಗ ಎಳೆದು ಬೆಲ್ ಹೊಡೆಯುತ್ತಾರೆ: ಒಂದು ಬೆಲ್ ಅಂದರೆ ನಿಲ್ಲು, ಎರಡು ಅಂದರೆ ಹಿಂದಕ್ಕೆ, ಮೂರು ಅಂದರೆ ಮುಂದಕ್ಕೆ ಜೋರಾಗಿ. ಒಬ್ಬರು ನೋಡುತ್ತಾರೆ, ಇನ್ನೊಬ್ಬರು ಕೇಳಿದ್ದನ್ನು ನಂಬುತ್ತಾರೆ. ತಲೆಯ ಮೇಲೆ ಒಂದು ಮೊಳ ಬಿಟ್ಟು ಸೇತುವೆ ದಾಟಿತು, ಎಮ್ಮೆ ಈಜಿಕೊಂಡು ಅಡ್ಡ ಬಂತು, ಇಬ್ಬರೂ ಒಂದು ಮಾತೂ ಆಡಲಿಲ್ಲ. ನಮ್ಮ ಮನೆಯಲ್ಲಿ ಟೀವಿ ರಿಮೋಟ್ ಎಲ್ಲಿ ಅಂತ ತಿಳಿಯೋಕೆ ಮೂರು ಜನ ಕಿರುಚಬೇಕು.

ಆ ಬೆಲ್ಲಿನ ದನಿ ನನಗೆ ಹತ್ತು ನಿಮಿಷದಲ್ಲಿ ಬಂದುಬಿಟ್ಟಿತು. ಹಲ್ಲಿನ ಹಿಂದೆ ನಾಲಿಗೆ ಇಟ್ಟು ಮೂಗಿನಲ್ಲಿ ಎಳೆಯಬೇಕು. ಟಿಣ್!

ಇತ್ತ ದೊಡ್ಡಮ್ಮ ಇಷ್ಟೊಂದು ನೀರು ಸುಮ್ಮನೆ ಹೋಗುತ್ತಿರುವುದನ್ನು ನೋಡಿ ತಡೆಯಲಾರದೆ ಬಟ್ಟೆ ಒಗೆಯಲು ಕೂತಿದ್ದರು. ನಮ್ಮ ಕಡೆ ಬೋರ್‌ವೆಲ್ಲಿನಲ್ಲಿ ನೀರು ಬಂದ ಹೊತ್ತಿಗೆ ಒಗೆದುಬಿಡಬೇಕು, ಅದು ಕೈಗೆ ಹತ್ತಿದ ರೂಢಿ. ಹದಿಮೂರು ಜನರ ಬಟ್ಟೆ ಕೇಳಿ ಇಸಕೊಂಡರು. ದೋಣಿಯ ಕಂಬಿಗಳ ಮೇಲೆಲ್ಲ ನಮ್ಮ ಊರಿನ ಬನಿಯನ್‌ಗಳು ಹಾರಾಡಿದವು. ಕೊನೆಗೆ ತಾವು ಹಿಂದಿನ ದಿನ ಉಟ್ಟಿದ್ದ ಸೀರೆ. ಜಾಲಿಸಲು ಅವರಿಗೊಂದು ಉಪಾಯ ಹೊಳೆಯಿತು. ಸೀರೆಯ ಒಂದು ತುದಿಯನ್ನು ಹಿಂದಿನ ಕಂಬಿಗೆ ಗಂಟು ಹಾಕಿ, ಉಳಿದದ್ದನ್ನು ನೀರಿಗೆ ಬಿಟ್ಟರು.

"ನೋಡ್ರಿ ಭಾಯ್, ತನ್ನಷ್ಟಕ್ ತಾನೇ ಒಗ್ಕೊಂತದೆ," ಅಂತ ಚಾಚಾನಿಗೆ ಹೆಮ್ಮೆಯಿಂದ ತೋರಿಸಿದರು.

"ಅರೇ ವಾಹ್ ಅಕ್ಕಾ! ವಾಷಿಂಗ್ ಮಷೀನ್!"

ಮೂವತ್ತೈದು ವರ್ಷ ರೇಷ್ಮೆ ಬಿಚ್ಚಿದವರು ಉಡುವುದು ಪಾಲಿಸ್ಟರ್. ಕೆಂಪು ಹೂವಿನ ಸೀರೆ ದೋಣಿಯ ಹಿಂದೆ ಉದ್ದಕ್ಕೆ ಈಜಿಕೊಂಡು ಬರುತ್ತಿತ್ತು, ಚೆನ್ನಾಗೇ ಇತ್ತು.

ಮಧ್ಯಾಹ್ನ ಒಂದು ಕಿರಿದಾದ ಕಾಲುವೆಯಲ್ಲಿ ಎದುರಿಂದ ಹೆಂಗಸರು ತುಂಬಿದ್ದ ಸಣ್ಣ ದೋಣಿ ಬಂತು. ಮೇಲಿನಿಂದ ಒಂದು ಬೆಲ್. ನಿಂತೆವು. ನಾನು ಇಂಜಿನ್ನಿನ ಗುಂಡಿಯ ಬಾಯಿಯ ಪಕ್ಕದಲ್ಲೇ ಭಾವನ ಜೊತೆ ನಿಂತಿದ್ದೆ.

"ಭಾವ, ಇವಾಗ ನೋಡಿ," ಅಂದು ಬಾಯಲ್ಲಿ ಹೊಡೆದೆ: ಟಿಣ್, ಟಿಣ್.

ಅಷ್ಟು ಚೆನ್ನಾಗಿ ಬರುತ್ತದೆ ಅಂತ ನನಗೂ ಗೊತ್ತಿರಲಿಲ್ಲ. ಕೆಳಗಿನವರು ಕೇಳಿದ್ದನ್ನು ನಂಬಿದರು. ದೋಣಿ ಹಿಂದಕ್ಕೆ ಹೊರಟಿತು, ನೇರವಾಗಿ ಸೀರೆಯ ಮೇಲೆ. ಕೆಳಗೆ ದೋಣಿ ತಳ್ಳುವ ಚಕ್ರಕ್ಕೆ ಸೀರೆ ಸುತ್ತಿಕೊಂಡು ಗಕ್ಕೆಂದಿತು. ಕಂಬಿಗೆ ಕಟ್ಟಿದ್ದ ತುದಿ ತಂತಿಯ ಹಾಗೆ ಬಿಗಿದುಕೊಂಡಿತು. ಇಂಜಿನ್ನು ಕೆಮ್ಮಿ ನಿಂತಿತು. ಅಂಥ ಮೌನವನ್ನು ನಾನು ಯಾವತ್ತೂ ಮಿಮಿಕ್ರಿ ಮಾಡಲಾರೆ.

ಗಳ ಊರಿ ದೋಣಿಯನ್ನು ದಡದ ಪಕ್ಕಕ್ಕೆ, ಎದೆಮಟ್ಟದ ನೀರಿಗೆ ತಳ್ಳಿದರು. ಹಿಂಭಾಗ ಮೇಲೇಳಬೇಕು, ಎಲ್ಲರೂ ಮುಂದಕ್ಕೆ ಹೋಗಿ ಅಂತ ಕೈಯಲ್ಲಿ ತೋರಿಸಿದರು. ಹೋದೆವು. ಭಾವ ಹೆಜ್ಜೆ ಇಟ್ಟಾಗ ಹಿಂಭಾಗ ಒಂದು ಗೇಣು ಮೇಲೆದ್ದದ್ದು ನಮಗೆಲ್ಲ ತಿಳಿಯಿತು.

"ಅಲ್ಲಾಡಬೇಡಿ ಭಾವ, ನಿಮ್ಮ ಮೇಲೇ ನಿಂತೈತೆ," ಅಂದೆ.

"ನೀನು ಮಾತಾಡ್ಬೇಡ," ಅಂದರು ಭಾವ.

ಇಂಜಿನ್ನಿನವರು ಕತ್ತಿ ಹಲ್ಲಿಗೆ ಕಚ್ಚಿಕೊಂಡು ನೀರಿಗಿಳಿದರು. ಹಿಂದೆಯೇ ಇನ್ನೊಂದು ಸದ್ದಾಯಿತು. ತಿರುಗಿ ನೋಡಿದರೆ ದೊಡ್ಡಮ್ಮ. ಲೈಫ್ ಜಾಕೆಟ್ಟು ಕಟ್ಟಿಕೊಂಡು, ಸೆರಗು ಸಿಕ್ಕಿಸಿ, ಚುಕ್ಕಾಣಿಯ ಹಲಗೆ ಹಿಡಿದು ನೀರಿನಲ್ಲಿ ನಿಂತಿದ್ದಾರೆ. ಅಷ್ಟು ನೀರಿಗೆ ಅವರು ಜನ್ಮದಲ್ಲಿ ಇಳಿದವರಲ್ಲ. ಕೈ ಮಾತ್ರ ಇಂಜಿನ್ನಿನವರ ಕತ್ತಿಯ ಮೇಲಿತ್ತು.

"ಕತ್ತಿ ಹಾಕ್ಬೇಡಪ್ಪ. ಕುಯ್ದ್ರೆ ನೂರು ತುದಿ ಆಗ್ತವೆ. ಇವಾಗ ಎರಡೇ ಇರೋದು. ಒಂದು ಕಂಬೀಲೈತೆ, ಇನ್ನೊಂದು ಹುಡುಕಣ."

ಅವರಿಗೆ ಕನ್ನಡ ಬಾರದು ಅಂತ ಹೊಳೆದು ದೊಡ್ಡಮ್ಮ ತಕ್ಷಣ ತೆಲುಗಿಗೆ ತಿರುಗಿದರು. ನಮ್ಮ ಕಡೆಯವರಿಗೆ ಎದುರಿಗಿರುವವರ ಭಾಷೆ ಬರದಿದ್ದರೆ ತೆಲುಗು ಮಾತಾಡುವುದು, ಅದು ಯಾವ ದೇಶವಾದರೂ ಸರಿ. ಅವರಿಗೆ ಅದೂ ಅರ್ಥವಾಗಲಿಲ್ಲ. ಆದರೆ ದೊಡ್ಡಮ್ಮ ಕಣ್ಣು ಮುಚ್ಚಿ ಎರಡೂ ಕೈ ಕೆಸರು ನೀರಿನೊಳಗೆ ಇಳಿಸಿದ್ದನ್ನು ನೋಡಿ ಅವರು ಕತ್ತಿ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡರು. ಕೆಲಸ ಬಲ್ಲವರಿಗೆ ಕೆಲಸ ಬಲ್ಲವರು ಗೊತ್ತಾಗುತ್ತಾರೆ ಅನಿಸಿತು. ನನಗೆ ಆ ಕೆಲಸವೂ ಅವರ ಭಾಷೆಯೂ ಗೊತ್ತಿಲ್ಲದ್ದರಿಂದ ಮುಂದಿನಿಂದ ದಡಕ್ಕೆ ಇಳಿದು, ಹಿಂಭಾಗದ ಪಕ್ಕ ನಿಂತು ನೋಡಿದೆ.

ನೊರೆಯೆದ್ದ ಬೇಸಿನ್ನಿನಲ್ಲಿ ಕಣ್ಣಿಗೆ ಕಾಣದ ಎಳೆಯನ್ನು ಹುಡುಕುವ ಬೆರಳುಗಳು ಅವು. ಬಿಸಿ ನೀರಿಗೆ ಬಿಳಿಚಿ, ತುದಿಯಲ್ಲಿ ಚರ್ಮ ಸುಲಿದು, ಫೋನು ಮುಟ್ಟಿದರೆ ಫೋನಿಗೇ ತಿಳಿಯದ ಬೆರಳು. ಅವರ ಫೋನು ಕೆಟ್ಟಿದೆ ಅಂತ ನಾನು ಎಷ್ಟೋ ಸಲ ತಮಾಷೆ ಮಾಡಿದ್ದೇನೆ. ಸುಮಾರು ಹೊತ್ತಾದ ಮೇಲೆ ದೊಡ್ಡಮ್ಮ ಕಣ್ಣು ಬಿಟ್ಟರು.

"ಸಿಕ್ತು. ಕುಚ್ಚು ಸಿಕ್ತು."

ಆಮೇಲೆ ಇಂಜಿನ್ನಿನವರು ಚಕ್ರದ ರೆಕ್ಕೆಯನ್ನು ಕೈಯಲ್ಲಿ ಒಂದು ಚೂರು ತಿರುಗಿಸುವುದು, ದೊಡ್ಡಮ್ಮ ಒಂದು ಸುತ್ತು ಬಿಡಿಸುವುದು. ಬಿಗಿಯಾದರೆ ಅವರ ಮೊಣಕೈ ತಟ್ಟಿ ನಿಲ್ಲಿಸುವುದು, ಹಿಂದಕ್ಕೆ ಬಿಡುವುದು, ಮತ್ತೆ ಎಳೆಯುವುದು. ಒಂದು ಸಲವೂ ಜೋರು ಮಾಡಲಿಲ್ಲ. ಬಿಡಿಸಿದ್ದನ್ನು ನನ್ನ ಕೈಗೆ ಕೊಡುತ್ತ ಹೋದರು.

"ಸುತ್ಕೋ. ರಾಟೆ ತರ ಸುತ್ಕೋ. ಬಾಯಿ ಮಾತ್ರ ತಿರುಗಿಸ್ಬೇಡ."

"ದೊಡ್ಡಮ್ಮ, ಆ ಬೆಲ್ಲು..."

"ಗೊತ್ತು ಕಣೋ. ಆ ಬೆಲ್ಲಲ್ಲಿ ಎಂಜಲಿತ್ತು."

ಮುಂದಿನಿಂದ ಭಾವನ ದನಿ ಬಂತು: "ಉಸಿರು ಬಿಡ್ಬೋದಾ?"

ಎರಡು ಗಂಟೆ ಹಿಡಿಯಿತು. ಸೀರೆ ಪೂರ್ತಿ ಬಂತು, ಗ್ರೀಸು ಮೆತ್ತಿ, ಅಲ್ಲಲ್ಲಿ ಜಗಿದ ಹಾಗಾಗಿ, ಆದರೆ ಒಂದೇ ತುಂಡು. ನಾನು ಮೇಲೆ ಹೋಗಿ ಚುಕ್ಕಾಣಿಯವರ ಮುಂದೆ ನಿಂತು, ನನ್ನ ಎದೆ ಮುಟ್ಟಿ ತೋರಿಸಿ, ಬಾಯಲ್ಲಿ ಎರಡು ಬೆಲ್ ಹೊಡೆದೆ. ತಪ್ಪೊಪ್ಪಿಗೆಗೆ ನನಗೆ ಗೊತ್ತಿದ್ದ ಭಾಷೆ ಅದೊಂದೇ. ಅವರು ಕೆಳಗಿನವರನ್ನು ಕರೆಸಿ ಇನ್ನೊಂದು ಸಲ ಹೊಡೆಸಿದರು. ಇಬ್ಬರೂ ಮುಖ ಮುಖ ನೋಡಿಕೊಂಡರು. ಬೈಯಲಿಲ್ಲ. ಬೈದಿದ್ದರೆ ನಾನು ಅದನ್ನೂ ಕಲಿತುಕೊಂಡು ಅಂಗಡಿಯಲ್ಲಿ ಆಡುತ್ತಿದ್ದೆ. ಬೈಯದಿದ್ದದ್ದಕ್ಕೆ ಏನು ಮಾಡಲಿ? ಅವರು ದೊಡ್ಡಮ್ಮನನ್ನು ಮೇಲೆ ಕರೆದು ಬೆಲ್ಲಿನ ಹಗ್ಗ ಕೈಗೆ ಕೊಟ್ಟರು. ದೊಡ್ಡಮ್ಮ ಒದ್ದೆ ಸೀರೆಯಲ್ಲೇ ನಿಂತು ಮೂರು ಸಲ ಎಳೆದರು. ದೋಣಿ ಮುಂದಕ್ಕೆ ಹೊರಟಿತು.

ಆದರೆ ಹೊತ್ತು ಹೋಗಿತ್ತು. ಕೊಲ್ಲಂ ತಲುಪುವುದು ಏಳೂವರೆ ಅಂತ ಚುಕ್ಕಾಣಿಯವರು ಬೆರಳಲ್ಲಿ ತೋರಿಸಿದರು.

"ಅಷ್ಟೊತ್ತಿಗೆ ಕತ್ಲಾಗಿರತ್ತ?" ಅಂತ ದೊಡ್ಡಮ್ಮ ಒಂದೇ ಸಲ ಕೇಳಿದರು.

ಆಮೇಲೆ ಒಣಗಿದ ಬಟ್ಟೆ ಎತ್ತಿ, ಯಾರ್ಯಾರದು ಅವರವರಿಗೆ ಮಡಿಸಿ ಕೊಟ್ಟರು. ನನ್ನ ಶರ್ಟನ್ನು ಎಲ್ಲರಿಗಿಂತ ನೀಟಾಗಿ ಮಡಿಸಿದ್ದರು. ಅದು ನನಗೆ ಬೈಗುಳಕ್ಕಿಂತ ಜಾಸ್ತಿ ತಾಗಿತು. ಅಷ್ಟು ಹೊತ್ತು ನಾನು ಯಾರ ದನಿಯನ್ನೂ ಮಾಡಲಿಲ್ಲ. ಕೊನೆಗೆ ಚಾಚಾನೇ ಬಂದು ಹಣೆ ಮುಟ್ಟಿ, ಜ್ವರ ಇದೆಯಾ ಬೇಟಾ ಅಂದರು. ದೊಡ್ಡಮ್ಮನಿಗೆ ಬೆಳಕಿರುವಾಗಲೇ ಸಮುದ್ರ ತೋರಿಸಬೇಕಿತ್ತು ಅಂದೆ. ಚಾಚಾ ಎದ್ದು ಮೇಲೆ ಹೋಗಿ ಚುಕ್ಕಾಣಿಯವರ ಜೊತೆ ತಮ್ಮ ಹಿಂದಿಯಲ್ಲಿ, ಅವರು ತಮ್ಮ ಹಿಂದಿಯಲ್ಲಿ, ತುಂಬಾ ಹೊತ್ತು ಮಾತಾಡಿದರು. ಆ ಎರಡೂ ಹಿಂದಿಗಳಿಗೆ ಪರಸ್ಪರ ಪರಿಚಯ ಇರಲಿಲ್ಲ. ಆದರೂ ಚಾಚಾ ಇಳಿದು ಬರುವಾಗ ನಗುತ್ತಿದ್ದರು.

"ಅಕ್ಕಾ, ಸಮುದ್ರ ಇಲ್ಲೇ ಇದೆಯಂತೆ!"

"ಎಲ್ಲಿ?"

"ಆ ಮನೆಗಳ ಹಿಂದೆ!"

ಬಲಗಡೆ ದಡದಲ್ಲಿ ಒಂದು ಸಾಲು ಮನೆ, ತೆಂಗಿನ ಮರ, ಒಂದು ಕೋಳಿ. ಅದರ ಹಿಂದೆ ಸಮುದ್ರ. ಎಷ್ಟೋ ಹೊತ್ತಿನಿಂದ ನಾವು ಅದರ ಪಕ್ಕದಲ್ಲೇ, ಒಂದು ಓಣಿಯ ಅಂತರದಲ್ಲಿ, ಅದನ್ನು ನೋಡಲು ದೂರ ಹೋಗುತ್ತಿದ್ದೆವು.

ಚುಕ್ಕಾಣಿಯವರೇ ಒಂದು ಬೆಲ್ ಹೊಡೆದರು. ಒಂದು ಕಲ್ಲಿನ ಮೆಟ್ಟಿಲಿಗೆ ದೋಣಿ ನಿಲ್ಲಿಸಿ, ಇಪ್ಪತ್ತು ನಿಮಿಷ ಅಂತ ಎರಡು ಕೈ ಎರಡು ಸಲ ತೋರಿಸಿದರು. ಯಾರದೋ ಅಂಗಳ, ಬಲೆ ಒಣಹಾಕಿದ್ದ ಬೇಲಿ ದಾಟಿ ಓಡಿದೆವು. ಭಾವ ಒಂದು ಕ್ಯಾನ್ ಹೊತ್ತೇ ಓಡಿದರು. ಓಣಿ ಮುಗಿದ ಕಡೆ ದೊಡ್ಡಮ್ಮ ನಿಂತುಬಿಟ್ಟರು.

ಸೂರ್ಯ ಇನ್ನೂ ಎರಡು ಗೇಣು ಮೇಲಿದ್ದ. ಕಣ್ಣಿಗೆ ಪೂರ್ತಿ ಕಾಣುವಷ್ಟು ಬೆಳಕಿತ್ತು. ಅವರು ಎಡಗಡೆಯಿಂದ ಬಲಗಡೆಗೆ ನಿಧಾನವಾಗಿ ನೋಡಿದರು, ಮತ್ತೆ ಬಲಗಡೆಯಿಂದ ಎಡಗಡೆಗೆ. ಕೆಳಗೆ ಹೋಗಿ ಮರಳಿನ ಮೇಲೆ ಕಾಲು ಚಾಚಿ ಕೂತರು. ಅಲೆ ಬಂದು ಪಾದಕ್ಕೆ ತಗುಲಿದಾಗ ನನ್ನ ಕಡೆ ತಿರುಗಿದರು.

"ನೀನು ಮಾಡ್ತಿದ್ದಿದ್ದು ಕುಕ್ಕರ್ರೇ ಕಣೋ."

"ಹೂಂ ದೊಡ್ಡಮ್ಮ."

ಭಾವ ಸಮುದ್ರದ ಪಕ್ಕ ನಿಂತು ಗೌರಿಬಿದನೂರಿನ ನೀರಿನಲ್ಲಿ ಕಾಲು ತೊಳೆದುಕೊಂಡರು. ಉಪ್ಪು ಅಂಟುತ್ತದಂತೆ. ಆಮೇಲೆ ಫೋನು ನೋಡಿ, "ಟೈಮ್ ಆಯ್ತು, ಹೊರಡಣ, ರೈಲೈತೆ," ಅಂತ ಕೂಗಿದರು. ಎಲ್ಲರೂ ಓಣಿಯ ಕಡೆ ತಿರುಗಿದರು. ದೊಡ್ಡಮ್ಮ ಏಳಲಿಲ್ಲ. ಬಿಳಿಚಿದ ಕೈ ಎರಡೂ ಒದ್ದೆ ಮರಳಿನಲ್ಲಿ ಹುದುಗಿದ್ದವು.

"ಒಂದು ಬೆಲ್ ಹೊಡಿಯೋ," ಅಂದರು.

"ಬೇಡ ದೊಡ್ಡಮ್ಮ. ಇವತ್ತಿಗೆ ಸಾಕು."

"ಹೊಡಿ ಅಂದ್ರೆ ಹೊಡಿ."

ಹಲ್ಲಿನ ಹಿಂದೆ ನಾಲಿಗೆ ಇಟ್ಟು, ಮೂಗಿನಲ್ಲಿ ಎಳೆದು ಹೊಡೆದೆ. ಒಂದೇ. ಓಣಿಯ ಬಾಯಲ್ಲಿ ಭಾವ ಎತ್ತಿದ ಹೆಜ್ಜೆ ಇಳಿಸಿ ನಿಂತರು. ಚಾಚಾ ನಿಂತರು. ಅವರ ಹಿಂದೆ ಎಲ್ಲರೂ ನಿಂತರು.