ಗಾದಿ ಕಾಕಾನ ಹತ್ತು ದಿನ

ಅವರ ಹುಬ್ಬಿನ ಮೇಲೆ, ಕಿವಿಯ ಕೂದಲಿನಲ್ಲಿ, ಮೂಗಿನ ತುದಿಯಲ್ಲಿ ಯಾವಾಗಲೂ ಹತ್ತಿಯ ಎಳೆ ಅಂಟಿಕೊಂಡಿರುತ್ತಿತ್ತು. ಬೈಲಹೊಂಗಲದ ಓಣಿ ಓಣಿ ತಿರುಗಿ, ಬಿಲ್ಲಿನ ತಂತಿ ಮಿಡಿದು ಹಳೆಯ ಹತ್ತಿ ಹಿಂಜಿ, ಗಾದಿ ಹೊಲಿದುಕೊಡುತ್ತಿದ್ದರು. ನಮಗೆಲ್ಲ ಅವರು ಗಾದಿ ಕಾಕಾ. "ನಿಮ್ಮ ಗಾದ್ಯಾಗ ಹತ್ತಿಗಿಂತ ತಗಣಿನ ಭಾಳ ಅದಾವ ಯವ್ವಾ, ಅವನ್ನೂ ಹಿಂಜಲೇನು?" ಎಂದು ಹೆಣ್ಣುಮಕ್ಕಳನ್ನು ನಗಿಸುತ್ತಿದ್ದರು.

ಮೊಹರಮ್ಮಿನ ಹತ್ತು ದಿನ ಅವರು ಬೇರೆಯೇ ಮನುಷ್ಯ. ಬೆಂಕಿ ಹಾಕುವ ಅಲಾಯಿ ಕುಣಿಯ ಮುಂದೆ ಕುಳಿತು ಕರ್ಬಲದ ದುಃಖದ ರಿವಾಯತ ಪದ ಹಾಡುತ್ತಿದ್ದರು. ಲಿಂಗಾಯತರ ಮನೆಯವನಾದ ನಾನು ಅವರ ಹಿಮ್ಮೇಳದಲ್ಲಿದ್ದೆ. ನೀರಿಲ್ಲದೆ ಕೂಸನ್ನು ಕಳೆದುಕೊಂಡ ತಾಯಿಯ ನುಡಿ ಬಂದಾಗ ಅವರ ದನಿ ಏರುತ್ತಿರಲಿಲ್ಲ, ತೆಳುವಾಗುತ್ತಿತ್ತು. ಹೆತ್ತವ್ವ ಸತ್ತಾಗ ಅಳದ ನಾನು ಅಲ್ಲಿ ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಎದುರಿಗೆ ನಿಂತವರ ಸಂಕಟವೆಲ್ಲ ನನ್ನದೇ ಅನ್ನಿಸುತ್ತಿತ್ತು. ಆ ಹತ್ತು ದಿನ ಮಾತ್ರ ನಾನು ಹೆಂಡತಿಯ ಮೇಲೆ ಕೈ ಎತ್ತುತ್ತಿರಲಿಲ್ಲ. ಮುಚ್ಚಿಡುವ ವಯಸ್ಸು ಈಗ ನನ್ನದಲ್ಲ.

ಹತ್ತು ದಿನ ಮುಗಿದರೆ ಕಾಕಾ ಆ ಪದವನ್ನು ಗುನುಗುತ್ತಲೂ ಇರಲಿಲ್ಲ. ಯಾಕೆಂದು ಕೇಳಿದರೆ, "ವರ್ಷಾ ಪೂರಾ ಒಳಗ ತುಂಬಬೇಕೋ ತಮ್ಮಾ. ದಿನಾ ಸೋರಿದರ ಏನ ಉಳೀತೈತಿ?" ಎನ್ನುತ್ತಿದ್ದರು.

ನನಗೆ ಆ ಅಳು ದಿನವೂ ಬೇಕಾಯಿತು. ತೊಂಬತ್ತರ ದಶಕದ ಒಂದು ಮೊಹರಮ್ಮಿನಲ್ಲಿ ಶಾಲಿನ ಕೆಳಗೆ ಟೇಪ್ ರೆಕಾರ್ಡರ್ ಬಚ್ಚಿಟ್ಟುಕೊಂಡು ಕುಳಿತೆ. ತುಂಬಿಕೊಂಡ ಕ್ಯಾಸೆಟ್ಟನ್ನು ಮನೆಯಲ್ಲಿ ದಿನಾ ಹಚ್ಚಿದೆ. ಮೊದಲ ವಾರ ಕೇಳಿದಾಗೆಲ್ಲ ಅತ್ತೆ. ತಿಂಗಳಾಗುವಷ್ಟರಲ್ಲಿ ಅದನ್ನು ಕೇಳುತ್ತಲೇ ಊಟ ಮಾಡತೊಡಗಿದೆ. ಆಮೇಲೆ, ನನಗೆ ಇಂಥ ಗುರು ಇದ್ದಾರೆ ಎಂಬ ಜಂಬಕ್ಕೆ, ಬಸ್ ನಿಲ್ದಾಣದ ಹತ್ತಿರದ ಚಹಾದಂಗಡಿಗೂ ಒಂದು ಕ್ಯಾಸೆಟ್ ಮಾಡಿಸಿ ಕೊಟ್ಟೆ.

ಒಂದು ಮಧ್ಯಾಹ್ನ ಅಂಗಡಿಯಲ್ಲಿ ಆ ಕ್ಯಾಸೆಟ್ ಹಾಡುತ್ತಿತ್ತು. ಮಿರ್ಚಿ ತಿನ್ನುತ್ತಿದ್ದ ಒಬ್ಬ, "ಏ, ಆ ಮುದುಕನ್ನ ಬಂದ್ ಮಾಡೋ ಮಾರಾಯಾ, ಉಳ್ಳಾಗಡ್ಡಿ ಹೆಚ್ಚಿದವರಂಗ ಅಳಾಕ ಹತ್ಯಾನ!" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ತಿರುಗಿ ನೋಡಿದರೆ ಬಿಲ್ಲು ಹೆಗಲಿಗೇರಿಸಿಕೊಂಡು ಕಾಕಾ ಬಾಗಿಲಲ್ಲಿ ನಿಂತಿದ್ದರು.

"ಯಾರ ದನಿನೋ ತಮ್ಮಾ ಇದು?"

"ಗೊತ್ತಿಲ್ಲ ಕಾಕಾ."

"ನನಗೂ ಗುರ್ತ ಸಿಗವಲ್ದು," ಎಂದು ಹೊರಟುಹೋದರು.

ಮುಂದಿನ ಮೊಹರಮ್ಮಿಗೆ ಕುಣಿಯ ಮುಂದೆ ಕುಳಿತರು. ತಾಯಿಯ ನುಡಿ ಬಂದಾಗ ಹಾಡು ನಿಲ್ಲಿಸಿದರು. ಎರಡು ಸಲ ಬಾಯಿ ತೆರೆದರು. "ಏನೂ ಇಲ್ರಪಾ ಒಳಗ," ಎಂದು ಎದ್ದರು. ಮತ್ತೆಂದೂ ಹಾಡಲಿಲ್ಲ. ಮೇಳ ಒಡೆಯಿತು. ಕ್ಯಾಸೆಟ್ ಮಾಡಿದವನು ನಾನೇ ಎಂದು ಹೇಳಲು ನನಗೆ ಹತ್ತು ವರ್ಷ ಹಿಡಿಯಿತು.

ಹೇಳಿದಾಗ ಅವರು ಹಾಸಿಗೆ ಹಿಡಿದಿದ್ದರು. ಆಯುಷ್ಯವಿಡೀ ನುಂಗಿದ ಹತ್ತಿಯ ಧೂಳು ದಮ್ಮಾಗಿ ಎದೆ ಕಟ್ಟಿತ್ತು. ಅದು ಮೊಹರಮ್ಮಿನ ಆರನೆಯ ದಿನ.

"ಅವತ್ತ ಗೊತ್ತಾಗಿತ್ತೋ," ಎಂದರು. ಬಹಳ ಹೊತ್ತು ಉಸಿರಿಗೆ ಒದ್ದಾಡಿ, "ತಾಯಿ ನುಡಿ ಅನ್ನು. ಒಮ್ಮೆ ಕೇಳತೇನಿ," ಎಂದರು.

ಹಾಡಿದೆ. ಸಾವಿರ ಸಲ ಕೇಳಿದ ನುಡಿ. ಎಲ್ಲಿ ಉಸಿರು, ಎಲ್ಲಿ ನಡುಕ, ಒಂದೂ ತಪ್ಪಲಿಲ್ಲ. ಅವರು ಬಿಕ್ಕುತ್ತಿದ್ದ ಕಡೆ ಬಿಕ್ಕಿದೆ ಕೂಡ. ನನ್ನ ಕಣ್ಣುಗಳು ಒಣಗಿಯೇ ಇದ್ದವು.

"ಎಲ್ಲಾ ಬರೋಬ್ಬರಿ ಐತಿ ತಮ್ಮಾ," ಎಂದು ಕಾಕಾ ಗೋಡೆಯ ಕಡೆಗೆ ಹೊರಳಿ ಮಲಗಿದರು.

ಮರುದಿನ ತೀರಿಕೊಂಡರು. ಮಣ್ಣಿಗೆ ಬಂದವರೆಲ್ಲ ಅಳುತ್ತಿದ್ದರು. ಯಾವುದಾದರೂ ಒಂದು ಮುಖ ನೋಡಿದರೆ ನನಗೂ ಅಳು ಬರಬಹುದೆಂದು, ಒಬ್ಬೊಬ್ಬರ ಮುಖವನ್ನೇ ನೋಡುತ್ತ ನಿಂತೆ.