ಸುಣ್ಣದ ಗೆರೆ

ನಾನು ನಿಂತಿದ್ದು ಗೋಕಾಕ ಫಾಲ್ಸಿನ ತೂಗುಸೇತುವೆಯ ಮೇಲೆ, ನೂಲಿನ ಮಿಲ್ಲಿನ ಕಡೆಯ ದಂಡೆಯಿಂದ ಅರವತ್ತೆರಡು ಹೆಜ್ಜೆ ಒಳಗೆ. ಹೆಜ್ಜೆಗಳನ್ನು ಆಮೇಲೆ ಹೋಗಿ ಎಣಿಸಿದ್ದೇನೆ, ಎರಡು ಸಲ. ಎರಡು ವರ್ಷದ ಹಿಂದೆ, ಮೇ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಹತ್ತು ಗಂಟೆ ನಲವತ್ತೆರಡು ನಿಮಿಷ. ನಿಮಿಷವನ್ನು ನೆನಪಿನಿಂದ ಹೇಳುತ್ತಿಲ್ಲ. ಆಗ ನಾನು ತೆಗೆದ ಒಂದು ಫೋಟೋದಲ್ಲಿ ಅದು ದಾಖಲಾಗಿದೆ. ನನ್ನ ಮುಖ ಜಲಪಾತದ ತುದಿಯ ಕಡೆಗಿತ್ತು. ಮೋಡವಿರಲಿಲ್ಲ. ಕೆಳಗಿನದೆಲ್ಲ ಸ್ಪಷ್ಟವಾಗಿ ಕಾಣುತ್ತಿತ್ತು.

ಕೆಳಗೆ, ಹೊಳೆಯ ನಡುವಿನ ಚಪ್ಪಟೆ ಬಂಡೆಯ ಮೇಲೆ ಮೂಡಲಗಿಯ ಒಬ್ಬ ನಿವೃತ್ತ ಮಾಸ್ತರರು ಕೂತಿದ್ದರು. ಅವರನ್ನು ಆ ಬಂಡೆಗೆ ಕಳಿಸಿದ್ದು ನಾನು ಬರೆದ ಒಂದು ಪುಟ. ಅವರು ಬಿದ್ದದ್ದನ್ನು ನಾನು ನೋಡಿದೆ. ಅವರು ಬದುಕಿದ್ದಾರೆ. ಆದರೆ ಅವರ ಊರಿನಲ್ಲಿ ಅಂದಿನಿಂದ ಒಂದು ಮಾತು ಓಡಾಡುತ್ತಿದೆ: ಈ ವಯಸ್ಸಿನಲ್ಲಿ ಮಾಸ್ತರರು ಸೆಲ್ಫಿ ತೆಗೆಯಲು ಹೋಗಿ ಬಿದ್ದರು, ಎಂದು. ಅದು ಸುಳ್ಳು. ಸುಳ್ಳೆಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಕಸುಬು ಊರು ತಿರುಗಿ ಬರೆಯುವುದು. ಇರುವುದು ಹುಕ್ಕೇರಿಯಲ್ಲಿ. ಬಹಳ ವರ್ಷ ಒಂದು ವಾರಪತ್ರಿಕೆಗೆ ನಮ್ಮ ಜಿಲ್ಲೆಯ ನೋಡತಕ್ಕ ಸ್ಥಳಗಳ ಬಗ್ಗೆ ಅಂಕಣ ಬರೆದೆ. ಆಮೇಲೆ ಅದೆಲ್ಲ ಸೇರಿ ಒಂದು ಪುಸ್ತಕವಾಯಿತು. ಈಗ ಬಸ್‌ಸ್ಟ್ಯಾಂಡಿಗೆ ಹೋಗುವುದೆಂದರೂ ಬೇಸರ. ಬೆನ್ನಿಗೆ ಚೀಲ ಏರಿಸುವಾಗ ಭುಜಕ್ಕಿಂತ ಮೊದಲು ಮನಸ್ಸು ನೋಯುತ್ತದೆ. ಓದುಗರು ಈಗಲೂ ಕೇಳುತ್ತಾರೆ, ಎಲ್ಲಿಗೆ ಹೋಗಬೇಕು, ಯಾವಾಗ ಹೋಗಬೇಕು, ಏನು ನೋಡಬೇಕು ಎಂದು. ಮೊದಲೆಲ್ಲ ತಡಮಾಡದೆ ಉತ್ತರ ಬರೆಯುತ್ತಿದ್ದೆ. ಈಗ ಪತ್ರಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂರುತ್ತೇನೆ.

ಆ ಬಂಡೆಯ ಬಗ್ಗೆ ಬರೆದದ್ದು ಹನ್ನೊಂದು ವರ್ಷದ ಹಿಂದೆ. ಅದೂ ಮೇ ತಿಂಗಳೇ. ಹೊಳೆ ಬತ್ತಿ, ತುದಿಯಿಂದ ಎರಡೇ ಎಳೆ ನೀರು ಬೀಳುತ್ತಿತ್ತು. ದಂಡೆಯ ಹತ್ತಿರದ ಮಡುವಿನಲ್ಲಿ ಐದಾರು ಹೆಂಗಸರು ಹಳೆ ಬಟ್ಟೆಯ ತುಂಡು ಸೇರಿಸಿ ಹೊಲಿದ ಕೌದಿ ಒಗೆಯುತ್ತಿದ್ದರು. ಮಳೆಗಾಲ ಹಿಡಿದರೆ ಕೌದಿ ಒಣಗುವುದಿಲ್ಲ, ಹಾಗಾಗಿ ಮನೆಯ ಕೌದಿಗಳೆಲ್ಲ ಮೇ ತಿಂಗಳಲ್ಲಿ ಹೊಳೆಗೆ ಬರುತ್ತವೆ. ಅವರಲ್ಲಿ ಹಿರಿಯಳೊಬ್ಬಳು ನೀರಿಗಿಳಿಯುವ ಮೊದಲು ಸೊಂಟದ ಎಲೆಅಡಿಕೆ ಚೀಲ ಬಿಚ್ಚಿ, ಬೆರಳಿಗೆ ಸುಣ್ಣ ತೆಗೆದುಕೊಂಡು, ನೀರಿನಂಚಿನ ಒಂದು ಕಲ್ಲಿನ ಮೇಲೆ ಅಡ್ಡ ಗೆರೆ ಎಳೆದಳು. ನೀರಿಗಿಂತ ನಾಲ್ಕು ಬೆರಳು ಮೇಲೆ.

ಯಾಕೆ ಎಂದು ಕೇಳಿದೆ.

"ಮ್ಯಾಲ ಹಿಡಕಲ್ ಡ್ಯಾಮಿನ್ಯಾಗ ನೀರ ಬಿಟ್ರ ನಮಗೇನ ಫೋನ್ ಬರತೈತೇನ್ರಿ?" ಎಂದಳು. "ಹೊಳಿ ಸಪ್ಪಳ ಮಾಡೂದಿಲ್ಲ, ಸುಮ್ಕ ಏರತೈತಿ. ಸುಣ್ಣ ಮುಳುಗಿತಂದ್ರ ಗಂಟ ಕಟ್ಟೂದು, ಮನಿಗೆ ಹೋಗೂದು."

"ಅರ್ಧ ಒಗದಿದ್ರ?"

"ಅರ್ಧ ಒಗದಿದ್ರ ಅರ್ಧ ಹೊಲಸ ಹೊತ್ಕೊಂಡ ಹೋಗೂದ್ರಿ. ಹೊಳಿಗೆ ಕಾಯಿ ಅಂದ್ರ ಕಾಯತೈತೇನು?"

ಉಳಿದ ಹೆಂಗಸರು ನಕ್ಕರು. ನಾನು ಎಲ್ಲವನ್ನೂ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಟಿಪ್ಪಣಿ ಇನ್ನೂ ನನ್ನ ಹತ್ತಿರ ಇದೆ, ಪೆನ್ಸಿಲಿನಲ್ಲಿ ಬರೆದದ್ದು.

ಅಂಕಣದಲ್ಲಿ ಅದು ಬರಲಿಲ್ಲ. ಕಳಿಸುವ ದಿನ ಬರಹ ಹದಿನೈದು ಸಾಲು ಹೆಚ್ಚಾಗಿತ್ತು. ಏನು ಕತ್ತರಿಸಲಿ ಎಂದು ಎರಡು ಸಲ ಓದಿದೆ. ಸಂಜೆಯ ಬಿಸಿಲಿಗೆ ಕಲ್ಲು ಬೆಲ್ಲದ ಬಣ್ಣಕ್ಕೆ ತಿರುಗುತ್ತದೆ ಎಂಬ ಸಾಲುಗಳಿದ್ದವು. ಅವನ್ನು ಉಳಿಸಿಕೊಂಡೆ. ಸುಣ್ಣದ ಗೆರೆಯನ್ನು ತೆಗೆದೆ. ಕೊನೆಗೆ ಉಳಿದದ್ದು ಹೀಗೆ: "ಬೇಸಿಗೆಯಲ್ಲಿ ಸೇತುವೆಯ ಕೆಳಗಿನ ಚಪ್ಪಟೆ ಬಂಡೆಯವರೆಗೆ ನಡೆದೇ ಹೋಗಬಹುದು. ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತು ಬನ್ನಿ." ಒಂದು ದಿನ ನೋಡಿದ ಹೊಳೆಯನ್ನು ಎಲ್ಲ ದಿನದ ಹೊಳೆ ಎಂಬಂತೆ ಬರೆದೆ. ನಮ್ಮ ಕಸುಬಿನವರು ಹೀಗೇ ಬರೆಯುತ್ತೇವೆ. ಒಂದು ಮಧ್ಯಾಹ್ನ ಇದ್ದು ಬಂದು, ಆ ಊರು ಯಾವಾಗಲೂ ಹಾಗೇ ಇರುತ್ತದೆ ಎನ್ನುತ್ತೇವೆ.

ಎರಡು ವರ್ಷದ ಹಿಂದಿನ ಆ ಭಾನುವಾರ ನಾನು ಫಾಲ್ಸಿಗೆ ಹೋದದ್ದು ಪುಸ್ತಕದ ಎರಡನೆಯ ಮುದ್ರಣಕ್ಕೆ ಬಸ್ಸಿನ ವಿವರ ಸರಿಪಡಿಸಲು. ಚಹಾದ ಅಂಗಡಿಯ ಮುಂದಿನ ಬೆಂಚಿನ ಮೇಲೆ ಅರವತ್ತು ದಾಟಿದ ಒಬ್ಬ ಹೆಂಗಸು ಮೊಣಕಾಲು ನೀವಿಕೊಳ್ಳುತ್ತ ಕೂತಿದ್ದರು. ಸ್ವಲ್ಪ ದೂರದಲ್ಲಿ ಅವರ ಗಂಡ ಪ್ಯಾಂಟನ್ನು ಮೊಣಕಾಲವರೆಗೆ ಮಡಚಿಕೊಂಡು, ಕೈಯಲ್ಲಿ ಪುಸ್ತಕ ಹಿಡಿದು ಹೊಳೆಗೆ ಇಳಿಯುತ್ತಿದ್ದರು.

"ನೋಡ್ರಿ ನಮ್ಮ ಮಾಸ್ತರ್ನ," ಎಂದರು ಆಕೆ, ನನಗೂ ಅಂಗಡಿಯವನಿಗೂ ಸೇರಿಸಿ. "ಮೂವತ್ತು ವರ್ಷ ಸಾಲಿ ಹುಡುಗೂರ್ನ ಟ್ರಿಪ್ಪಿಗೆ ಕರ್ಕೊಂಡ ಹೋಗ್ಯಾರ, ಒಂದ ಹುಡುಗನ ಮೊಣಕಾಲ ಕೆತ್ತಿಲ್ಲ. ನನ್ನ ಮಾತ್ರ ಎಲ್ಲೂ ಕರ್ಕೊಂಡ ಹೋಗಲಿಲ್ಲ. ಈಗ ಪುಸ್ತಕ ಹಿಡ್ಕೊಂಡ ಹೊಂಟಾರ."

"ಯಾವ ಪುಸ್ತಕ್ರಿ?" ಎಂದೆ. ನನಗೆ ಗೊತ್ತಿತ್ತು. ಹೊದಿಕೆ ಕಂಡಿತ್ತು.

"ಯಾವನೋ ಹುಕ್ಕೇರಿಯಾಂವ ಬರದಾನಂತ. ಅಂವ ಹೇಳಿದ ಕಲ್ಲಿನ ಮ್ಯಾಲ ಕುಂತ ಬರಬೇಕಂತ. ನಾ ಹೇಳಿದ್ರ ಮನಿ ಮುಂದಿನ ಕಟ್ಟಿ ಮ್ಯಾಲೂ ಕುಂದ್ರಂಗಿಲ್ಲ."

ಅಷ್ಟರಲ್ಲಿ ಅವರ ಚೀಲದಲ್ಲಿ ಫೋನ್ ರಿಂಗಾಯಿತು. ತೆಗೆದು ನೋಡಿ, "ಇದು ಇವರದು. ತೋಯ್ತೈತಂತ ನನ್ನ ಕಡೆ ಕೊಟ್ಟ ಹೋಗ್ಯಾರ," ಎಂದರು. ಫೋನಿನಲ್ಲಿ ಮಗಳಿಗೆ ಹೇಳಿದರು: "ನಿಮ್ಮಪ್ಪ ಕಲ್ಲಿನ ಮ್ಯಾಲ ಕುಂದ್ರಾಕ ಹೋಗ್ಯಾರವಾ, ಆಮ್ಯಾಲ ಮಾಡು." ಇದನ್ನು ಯಾಕೆ ಇಷ್ಟು ವಿವರವಾಗಿ ಬರೆಯುತ್ತಿದ್ದೇನೆಂದರೆ, ಮಾಸ್ತರರು ಬಂಡೆಯ ಮೇಲಿದ್ದಾಗ ಅವರ ಫೋನ್ ಅಂಗಡಿಯ ಬೆಂಚಿನಲ್ಲಿ ಕೂತ ಹೆಂಡತಿಯ ಚೀಲದಲ್ಲಿತ್ತು. ಸೆಲ್ಫಿ ತೆಗೆಯಲು ಅವರ ಬಳಿ ಏನೂ ಇರಲಿಲ್ಲ.

ಆ ಹುಕ್ಕೇರಿಯವನು ನಾನೇ ಎಂದು ನಾನು ಹೇಳಲಿಲ್ಲ. ಒಳಗೊಳಗೆ ಖುಷಿಯಾಗಿತ್ತು. ನನ್ನ ಓದುಗ ನನ್ನ ಬಂಡೆಯ ಮೇಲೆ ಕೂರುವುದನ್ನು ಮೇಲಿನಿಂದ ನೋಡಬೇಕೆಂದು ಸೇತುವೆಗೆ ನಡೆದೆ.

ಸೇತುವೆಯಿಂದ ಎಡಕ್ಕೆ ಕೌದಿ ಒಗೆಯುವ ಹೆಂಗಸರು ಕಂಡರು. ಅವರು ಗಂಟು ಕಟ್ಟುತ್ತಿದ್ದರು. ಬೇಗ ಬೇಗ, ನೀರು ಸೋರುವ ಕೌದಿಗಳನ್ನೇ ಸುತ್ತುತ್ತಿದ್ದರು. ಕೆಂಪು, ಹಸಿರು, ಹಳದಿ ತುಂಡುಗಳು ಕಲ್ಲಿನ ಮೇಲೆ ಚೆಂದ ಕಾಣುತ್ತಿದ್ದವು. ನಾನು ಫೋಟೋ ತೆಗೆದೆ. ಹತ್ತು ನಲವತ್ತೆರಡು ಎಂದೆನಲ್ಲ, ಅದು ಆ ಫೋಟೋ. ಅವರು ಯಾಕೆ ಗಂಟು ಕಟ್ಟುತ್ತಿದ್ದಾರೆಂಬುದು ಆ ಹೊಳೆಯ ಬಳಿ ಅವರ ಹೊರತು ಗೊತ್ತಿದ್ದ ಇನ್ನೊಬ್ಬ ಮನುಷ್ಯ ನಾನು. ನನಗೆ ಹೊಳೆಯಲಿಲ್ಲ.

ಕೆಳಗಿನಿಂದ, ಹಿಂದೆ ಸುಣ್ಣದ ಗೆರೆ ಎಳೆದಿದ್ದ ಹಿರಿಯಳ ಕೂಗು ಬಂತು. "ಏ ಸಾಹೇಬಾ! ಫೋಟೋ ಏನ ಹೊಡೀತಿ, ಅವನ್ನ ಕರೀ!" ಅವಳ ಕೈ ಬಂಡೆಯ ಕಡೆ ಇತ್ತು. ಅವಳಿದ್ದಲ್ಲಿಂದ ಕೂಗಿದರೆ ಮಾಸ್ತರರಿಗೆ ಕೇಳುವಂತಿರಲಿಲ್ಲ. ನನ್ನಿಂದ ಕೇಳಬಹುದಿತ್ತು.

ನಾನು "ಮಾಸ್ತರ್ರೇ" ಎಂದು ಕೂಗಿದೆ. ಅವರು ಪುಸ್ತಕದಿಂದ ತಲೆಯೆತ್ತಿ ಸೇತುವೆಯ ಕಡೆ ನೋಡಿದರು. ಯಾರೋ ಪರಿಚಯದವರು ಎಂದುಕೊಂಡು ಪುಸ್ತಕ ಹಿಡಿದ ಕೈಯನ್ನೇ ಎತ್ತಿ ಬೀಸಿದರು. ಇನ್ನೊಮ್ಮೆ ಕೂಗಿ ಕೈ ಆಡಿಸಿದಾಗ ಅವರಿಗೆ ತಿಳಿಯಿತು. ಎದ್ದು ನಿಂತರು. ಬಂಡೆಗೂ ದಂಡೆಗೂ ನಡುವೆ, ಬರುವಾಗ ಪಾದ ಮುಳುಗುವಷ್ಟಿದ್ದ ನೀರು ಆಗ ಮೊಣಕಾಲು ದಾಟಿತ್ತು. ಸಪ್ಪಳವಿರಲಿಲ್ಲ. ಅವಳು ಹಿಂದೆ ಹೇಳಿದ ಹಾಗೆಯೇ, ಸುಮ್ಮನೆ ಏರಿತ್ತು.

ಅವರು ನೀರಿಗಿಳಿದರು. ನಾಲ್ಕನೆಯ ಹೆಜ್ಜೆಗೋ ಐದನೆಯದಕ್ಕೋ ಬಿದ್ದರು. ಪುಸ್ತಕ ಮುಂದೆ ಹೋಗಿ ಜಲಪಾತದ ತುದಿಯಲ್ಲಿ ಕಾಣದಾಯಿತು. ಅವರ ಬಲಗಾಲು ಕಲ್ಲಿನ ಸೀಳಿನಲ್ಲಿ ಸಿಕ್ಕಿತು. ಮುರಿದದ್ದು ಅದೇ, ಮುಂದೆ ಹೋಗದಂತೆ ಹಿಡಿದದ್ದೂ ಅದೇ. ಅಲ್ಲಿಂದ ತುದಿ ಎಷ್ಟು ದೂರವಿತ್ತು ಎಂದು ನಾನು ಹೇಳಲಾರೆ. ಮೇಲಿನಿಂದ ನೋಡುವವನಿಗೆ ದೂರ ಸರಿಯಾಗಿ ತಿಳಿಯುವುದಿಲ್ಲ.

ಹೆಂಗಸರು ಕಟ್ಟಿದ ಗಂಟು ಬಿಚ್ಚಿದರು. ಕೌದಿಯ ಜೊತೆಗೆ ಒಗೆದಿದ್ದ ಒದ್ದೆ ಸೀರೆಗಳನ್ನು ಒಂದಕ್ಕೊಂದು ಗಂಟು ಹಾಕಿ ಓಡಿದರು. ಚಹಾದ ಅಂಗಡಿಯವನು ಆ ಸೀರೆಯ ತುದಿಯನ್ನು ಸೊಂಟಕ್ಕೆ ಕಟ್ಟಿಕೊಂಡು ನೀರಿಗಿಳಿದ. ಹಿರಿಯಳೂ ಅವಳ ಸೊಸೆಯೂ ಇನ್ನಿಬ್ಬರೂ ದಂಡೆಯಲ್ಲಿ ಕೂತು, ಕಾಲನ್ನು ಕಲ್ಲಿಗೆ ಒತ್ತಿ ಎಳೆದರು. ನಾನು ಅರವತ್ತೆರಡು ಹೆಜ್ಜೆ ಓಡಿ ಇಳಿದು ಬರುವಷ್ಟರಲ್ಲಿ ಮಾಸ್ತರರು ದಂಡೆಯ ಮೇಲಿದ್ದರು. ನನ್ನ ಕೈ ಆ ಸೀರೆಯನ್ನು ಮುಟ್ಟಿಲ್ಲ.

ನೀರು ಬಿಡುವ ವಿಷಯವನ್ನು ಹಿಂದಿನ ದಿನವೇ ದಂಡೆಯ ಊರುಗಳಲ್ಲಿ ಆಟೋಕ್ಕೆ ಮೈಕು ಕಟ್ಟಿ ಸಾರಿದ್ದರಂತೆ. ಅಂಗಡಿಯವನಿಗೂ ಗೊತ್ತಿತ್ತು, ಇಲ್ಲಿಗೆ ತಲುಪುವುದು ಮಧ್ಯಾಹ್ನ ದಾಟಿದ ಮೇಲೆ ಎಂದುಕೊಂಡಿದ್ದನಂತೆ. ಮೂಡಲಗಿಯಿಂದ ಬಸ್ಸು ಹತ್ತಿ ಬಂದವರಿಗೆ ಮೈಕು ಎಲ್ಲಿಂದ ಕೇಳಬೇಕು? ಅವರಿಗೆ ಇದ್ದದ್ದು ನನ್ನ ಪುಸ್ತಕ.

ಗಾಡಿ ಬಂತು, ಅವರನ್ನು ಗೋಕಾಕಕ್ಕೆ ಒಯ್ದರು. ನಾನು ಹುಕ್ಕೇರಿಗೆ ಬಂದೆ. ಎರಡನೆಯ ಮುದ್ರಣ ಬೇಡ ಎಂದು ಪ್ರಕಾಶಕರಿಗೆ ಹೇಳಿದೆ. "ಕೊನೆಯಲ್ಲಿ ಒಂದು ಎಚ್ಚರಿಕೆಯ ಸಾಲು ಹಾಕಿದರಾಯಿತಲ್ಲ ಸರ್," ಎಂದರು. ಇರಬಹುದು. ಮಾಸ್ತರರ ಹತ್ತಿರ ಹೋಗಬೇಕಿತ್ತು. ಒಂದು ಮಳೆಗಾಲ ಹೋಯಿತು, ಇನ್ನೊಂದು ಹೋಯಿತು. ದಣಿವು ಎಂದು ನನಗೆ ನಾನೇ ಹೇಳಿಕೊಂಡೆ. ದಣಿವು ಇದ್ದದ್ದೂ ನಿಜ.

ಈ ವರ್ಷ ಸಂತೆಯ ದಿನ ಬಸ್ಸಿನಲ್ಲಿ ಮೂಡಲಗಿಯ ಇಬ್ಬರು ನನ್ನ ಮುಂದೆ ಕೂತಿದ್ದರು. ಯಾರದೋ ಮೊಮ್ಮಗನ ಫೋನಿನ ಹುಚ್ಚಿನ ಮಾತು ಬಂತು. "ಹುಡುಗೂರ್ನ ಯಾಕ ಬೈತಿ, ನಮ್ಮ ಮಾಸ್ತರ್ನ ನೋಡು. ಸೆಲ್ಫಿ ಸಲುವಾಗಿ ಕಾಲ ಮುರ್ಕೊಂಡ," ಎಂದ ಒಬ್ಬ. ಇಬ್ಬರೂ ನಕ್ಕರು. ಮರುದಿನ ನಾನು ಮೂಡಲಗಿಗೆ ಹೋದೆ. ಗೋಕಾಕದಲ್ಲಿ ಬಸ್ಸು ಬದಲಿಸುವಾಗ, ಇಂಥ ಭೇಟಿಗೆ ಅಲ್ಲಿನ ಸಿಹಿ ಕರದಂಟು ಕೊಳ್ಳುವುದು ಸರಿ ಕಾಣಲಿಲ್ಲ. ಬಾಳೆಹಣ್ಣು ಒಯ್ದೆ.

ಮಾಸ್ತರರು ಕುರ್ಚಿಯಲ್ಲಿ ಕೂತಿದ್ದರು, ಪಕ್ಕದಲ್ಲಿ ಊರುಗೋಲು. ಆಕೆ ನನ್ನ ಗುರುತು ಹಿಡಿದರು. "ಅವತ್ತ ಚಾದ ಅಂಗಡ್ಯಾಗ ಇದ್ರೆಲ್ಲ ನೀವು? ಬರ್ರಿ, ಕುಂದರ್ರಿ." ಕೂತು, ನೀರನ್ನೂ ಕುಡಿಯದೆ ಹೇಳಿದೆ. ಪುಸ್ತಕ ನನ್ನದು ಎಂದೆ. ಸುಣ್ಣದ ಗೆರೆಯನ್ನೂ ಅದನ್ನು ತೆಗೆದುಹಾಕಿದ್ದನ್ನೂ ಹೇಳಿ, ಪೆನ್ಸಿಲಿನ ಟಿಪ್ಪಣಿ ತೋರಿಸಿದೆ.

ಆಕೆ ಬಗ್ಗಿ ಟಿಪ್ಪಣಿಯನ್ನು ನೋಡಿದರು. ಆಮೇಲೆ, "ನಿಮ್ಮ ಪುಟದಾಗ ಜಾಗಾ ಇರಲಿಲ್ಲ. ಇವರಿಗೆ ಕಲ್ಲಿನ ಮ್ಯಾಲ ಇತ್ತು. ಹೌದಲ್ರಿ?" ಎಂದರು. ನಾನು ಹೌದೆಂದೆ.

ಮಾಸ್ತರರು ಟಿಪ್ಪಣಿಯನ್ನು ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. "ನಾ ಹುಡುಗೂರ್ನ ಕರ್ಕೊಂಡ ಹ್ವಾದಾಗ ಮೊದಲ ಅಲ್ಲಿದ್ದ ಮಂದೀನ ಕೇಳ್ತಿದ್ದೆ. ಇಲ್ಲಿ ಯಾವುದಕ್ಕ ಅಂಜಬೇಕ್ರಿ, ಅಂತ. ನೋಡೂದು ಆಮ್ಯಾಲ," ಎಂದರು. "ಅವತ್ತ ಕೇಳಲಿಲ್ಲ. ಪುಸ್ತಕದಾಗ ಐತಿ ಅಂದ್ಕೊಂಡೆ."

ಎಲ್ಲಿಗೆ ಹೋಗಬೇಕೆಂದು ಕೇಳುವವರಿಗೆ ನಾನು ಹೇಳಬಹುದಾದದ್ದು ಇಷ್ಟೇ, ಅದೂ ಅವರದೇ ಮಾತು.

ಏನು ಮಾಡಲಿ ಎಂದು ಕೇಳಿದೆ. ಊರುಗೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿದರು. "ಕಾಲಿಂದ ಏನಿಲ್ರಿ, ಅದು ನಡೀತೈತಿ. ನಾ ಕಲಿಸಿದ ಹುಡುಗೂರು ಎದುರಿಗೆ ನಮಸ್ಕಾರ ಅಂತಾರ, ದಾಟಿದ ಮ್ಯಾಲ ನಗ್ತಾರ. ನೀವು ನೋಡೀರಿ. ನೋಡಿದ್ದನ್ನ ಬರದ ಕೊಡ್ರಿ. ಎಲ್ಲಿ ನಿಂತಿದ್ರಿ, ಎಷ್ಟು ಹೊತ್ತಿಗೆ, ಮತ್ತ ಯಾರ್ಯಾರು ನೋಡ್ಯಾರ, ಎಲ್ಲಾ. ಈ ಸಲ ಏನೂ ತಗೀಬ್ಯಾಡ್ರಿ."

"ನನ್ನ ಹೆಸರ ಹಾಕಬ್ಯಾಡ್ರಿ ಮತ್ತ," ಎಂದರು ಆಕೆ, ಬಾಳೆಹಣ್ಣು ಒಳಗೆ ಒಯ್ಯುತ್ತ. "ಮಾಸ್ತರ ಹೇಣ್ತಿ ಅಂತ ಬರೀರಿ, ಸಾಕು. ಊರಿಗೆ ತಿಳೀತೈತಿ."

ಹಾಗಾಗಿ ಯಾರ ಹೆಸರನ್ನೂ ಬರೆದಿಲ್ಲ. ಮೂಡಲಗಿಯಿಂದ ಬರುವಾಗ ಫಾಲ್ಸಿನಲ್ಲಿ ಇಳಿದು ವಿಚಾರಿಸಿದೆ. ಸುಣ್ಣದ ಗೆರೆ ಎಳೆಯುತ್ತಿದ್ದ ಹಿರಿಯಳು ಹೋದ ದೀಪಾವಳಿಯ ಹಿಂದೆಮುಂದೆ ತೀರಿಕೊಂಡಳಂತೆ. ಸೀರೆ ಹಿಡಿದು ಎಳೆದ ಇನ್ನಿಬ್ಬರಲ್ಲಿ ಒಬ್ಬಳು ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಾಳೆ, ಇನ್ನೊಬ್ಬಳು ಸಿಗಲಿಲ್ಲ. ಅವರ ವಿಷಯ ನಾನು ಹೇಳಲಾರೆ. ನೋಡಿದವರಲ್ಲಿ ಬದುಕಿದ್ದಾರೆಂದು ನನಗೆ ಖಚಿತವಾಗಿ ಗೊತ್ತಿರುವವರು ಇವರು: ಚಹಾದ ಅಂಗಡಿಯವನು, ಈಗಲೂ ಅದೇ ಜಾಗದಲ್ಲಿದ್ದಾನೆ. ಫೋನನ್ನು ಚೀಲದಲ್ಲಿಟ್ಟುಕೊಂಡಿದ್ದ ಮಾಸ್ತರರ ಹೆಂಡತಿ. ನಾನು. ಮತ್ತು ಹಿರಿಯಳ ಸೊಸೆ. ನಾನು ಹೋದ ದಿನ ಅವಳು ನೀರಿನಂಚಿನಲ್ಲಿ ಕೂತು, ಅತ್ತೆಯ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆಯುತ್ತಿದ್ದಳು.